ಬಾನು ಬಿಟ್ಟು ಎರಕಕ್ಕೆ ಕೈಹಾಕಿದ ಕ್ಯಾಪ್ಟನ್: ಓದುಗರ ಪ್ರಶ್ನೆಗಳಿಗೆ ಉತ್ತರ

ಎರಡು ಸಂಚಿಕೆಗಳ ಹಿಂದೆ ಇದೇ ಅಂಕಣದಲ್ಲಿ ಎಡ್ ಡ್ವೈಟ್ ಎಂಬ ಅಮೆರಿಕದ ಶಿಲ್ಪಿಯ ಕುರಿತು ಹತ್ತು ಸಾಲಿನ ಟಿಪ್ಪಣಿಯೊಂದನ್ನು ಬರೆದಿದ್ದೆ. ಅವರು ಒಂದು ಕಾಲದಲ್ಲಿ ಅಮೆರಿಕದ ವಾಯುಪಡೆಯ ಪೈಲಟ್ ಆಗಿದ್ದರು, ಗಗನಯಾತ್ರಿಯಾಗುವ ಅವಕಾಶ ಕೈಗೆ ಬಂದಂತಾಗಿ ತಪ್ಪಿಹೋಯಿತು, ಆಮೇಲೆ ಡೆನ್ವರ್ ನಗರದಲ್ಲಿ ಸ್ವಂತ ಉದ್ಯೋಗ ಹಿಡಿದು ಬದುಕಿದರು, 2024ರಲ್ಲಿ ತಮ್ಮ 90ನೆಯ ವಯಸ್ಸಿನಲ್ಲಿ ಬಾಹ್ಯಾಕಾಶದ ಅಂಚನ್ನು ಮುಟ್ಟಿ ಬಂದರು ಎಂಬಷ್ಟೇ ಅದರಲ್ಲಿ ಇತ್ತು. ಅದಕ್ಕೆ ಬಂದಿರುವ ಪತ್ರಗಳ ಸಂಖ್ಯೆ ನನ್ನನ್ನು ಬೆರಗುಗೊಳಿಸಿದೆ. ಬಹುಪಾಲು ಪತ್ರಗಳು ಆ ಕೊನೆಯ ಹತ್ತು ನಿಮಿಷಗಳ ಹಾರಾಟದ ಬಗ್ಗೆಯೇ ಕೇಳಿವೆ. ಅವುಗಳಿಗೆ ಉತ್ತರ ಪತ್ರಿಕೆಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಮಿಲಿಟರಿ ಬಿಟ್ಟ ಮೇಲಿನ ಆರು ದಶಕಗಳಲ್ಲಿ ಈ ಮನುಷ್ಯ ಮಾಡಿದ್ದೇನು, ಹೊಟ್ಟೆ ಹೊರೆದದ್ದು ಹೇಗೆ ಎಂದು ಕೇಳಿದ ಕೆಲವೇ ಪತ್ರಗಳನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ.

ಮೈಸೂರಿನ ಓದುಗರೊಬ್ಬರು: ಡ್ವೈಟ್ ಅವರು ಗಗನಯಾತ್ರಿಯಾಗದೆ ಉಳಿದದ್ದು ಮೈಬಣ್ಣದ ಕಾರಣಕ್ಕೋ, ಅರ್ಹತೆ ಸಾಲದ ಕಾರಣಕ್ಕೋ? ಎರಡೂ ಮಾತುಗಳನ್ನು ಓದಿದ್ದೇನೆ.

ಉತ್ತರ: ತಾವು ಕೇಳಿದ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರಿಸುವುದು ಪ್ರಾಮಾಣಿಕವಾಗಲಾರದು. ದಾಖಲೆಯಲ್ಲಿರುವ ಸಂಗತಿಗಳನ್ನು ಮೊದಲು ಹೇಳುತ್ತೇನೆ. ಡ್ವೈಟ್ ಹುಟ್ಟಿದ್ದು 1933ರ ಸೆಪ್ಟೆಂಬರ್ 9ರಂದು, ಕ್ಯಾನ್ಸಸ್ ರಾಜ್ಯದ ಕ್ಯಾನ್ಸಸ್ ಸಿಟಿಯಲ್ಲಿ. ತಂದೆ ಕಪ್ಪು ಜನರಿಗೆಂದೇ ಪ್ರತ್ಯೇಕವಾಗಿದ್ದ ಬೇಸ್‌ಬಾಲ್ ಲೀಗಿನಲ್ಲಿ ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್ ತಂಡದ ಆಟಗಾರರಾಗಿದ್ದರು. ಮನೆಗೆ ವಿಮಾನ ನಿಲ್ದಾಣ ಹತ್ತಿರವಿದ್ದುದರಿಂದ ಹುಡುಗ ಅಲ್ಲಿಯೇ ಸುಳಿದಾಡುತ್ತ, ವಿಮಾನಗಳನ್ನು ತೊಳೆದು ಒರೆಸುವ ಚಿಲ್ಲರೆ ಕೆಲಸ ಮಾಡುತ್ತ ಬೆಳೆದನಾದರೂ, ವಿಮಾನ ನಡೆಸುವುದು ಬಿಳಿಯರ ಪಾಲಿನದೆಂದೇ ತಿಳಿದಿದ್ದ. ಆ ತಿಳಿವಳಿಕೆ ಅಲುಗಿದ್ದು, ಕೊರಿಯಾ ಯುದ್ಧದ ಕಾಲದಲ್ಲಿ ಕಪ್ಪು ಪೈಲಟ್ ಒಬ್ಬರ ಚಿತ್ರವನ್ನು ಪತ್ರಿಕೆಯ ಮುಖಪುಟದಲ್ಲಿ ಕಂಡಾಗ. 1953ರಲ್ಲಿ ವಾಯುಪಡೆ ಸೇರಿದ ಡ್ವೈಟ್, ಕೆಲಸದಲ್ಲಿದ್ದುಕೊಂಡೇ 1957ರಲ್ಲಿ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದಿಂದ ವಿಮಾನ ಎಂಜಿನಿಯರಿಂಗ್ ಪದವಿ ಪಡೆದರು.

ಕೆನಡಿಯವರು ಅಧ್ಯಕ್ಷರಾದ ಮೇಲೆ, ಗಗನಯಾತ್ರಿಗಳ ಸಾಲಿನಲ್ಲಿ ಕಪ್ಪು ಜನರೂ ಇರಬೇಕೆಂಬ ಒತ್ತಡ ಸರ್ಕಾರದ ಒಳಗೂ ಹೊರಗೂ ಹುಟ್ಟಿತು. ಆ ಹುಡುಕಾಟದಲ್ಲಿ ಆಯ್ಕೆಯಾದವರು ಕ್ಯಾಪ್ಟನ್ ಡ್ವೈಟ್. ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್ ವಾಯುನೆಲೆಯಲ್ಲಿದ್ದ ಪರೀಕ್ಷಾ ಪೈಲಟ್‌ಗಳ ಶಾಲೆಯಲ್ಲಿ ಅವರಿಗೆ ತರಬೇತಿ ದೊರೆಯಿತು. ಶಬ್ದದ ವೇಗವನ್ನು ಮೊದಲು ದಾಟಿದ ಚಕ್ ಯೇಗರ್ ಆಗ ಆ ಶಾಲೆಯ ಮುಖ್ಯಸ್ಥರಾಗಿದ್ದರು. ಯೇಗರ್ ತಮ್ಮನ್ನು ಹೊರಗಟ್ಟಲು ಯತ್ನಿಸಿದರೆಂದು ಡ್ವೈಟ್ ಹೇಳುತ್ತ ಬಂದರು. ಡ್ವೈಟ್ ಅವರ ಸಾಮರ್ಥ್ಯ ಅಷ್ಟಕ್ಕಷ್ಟೇ ಇತ್ತೆಂದು ಯೇಗರ್ ಹೇಳುತ್ತ ಬಂದರು. 1963ರ ಅಕ್ಟೋಬರ್‌ನಲ್ಲಿ ನಾಸಾ 14 ಮಂದಿಯ ಹೊಸ ತಂಡವನ್ನು ಪ್ರಕಟಿಸಿದಾಗ, ಅದೇ ಶಾಲೆಯಲ್ಲಿ ಡ್ವೈಟ್ ಜೊತೆಗಿದ್ದ ಡೇವಿಡ್ ಸ್ಕಾಟ್ ಮತ್ತು ಥಿಯೊಡೊರ್ ಫ್ರೀಮನ್ ಇಬ್ಬರ ಹೆಸರೂ ಅದರಲ್ಲಿದ್ದವು, ಡ್ವೈಟ್ ಹೆಸರಿರಲಿಲ್ಲ. ಮರುತಿಂಗಳು ಕೆನಡಿಯವರ ಹತ್ಯೆಯಾಯಿತು. ಅದಾದ ಮೇಲೆ ಡ್ವೈಟ್ ಅವರನ್ನು ಬೆಂಬಲಿಸುವವರು ಉಳಿಯಲಿಲ್ಲ. 1966ರಲ್ಲಿ ಅವರು ವಾಯುಪಡೆಗೆ ರಾಜೀನಾಮೆ ಕೊಟ್ಟರು. ಕಪ್ಪು ಜನಾಂಗದ ಅಮೆರಿಕನ್ನರೊಬ್ಬರು ಬಾಹ್ಯಾಕಾಶಕ್ಕೆ ಹೋಗಲು 1983ರ ತನಕ, ಗಯನ್ ಬ್ಲೂಫರ್ಡ್ ಅವರ ಸರದಿ ಬರುವ ತನಕ ಕಾಯಬೇಕಾಯಿತು.

ನನ್ನ ಅಭಿಪ್ರಾಯ ಕೇಳುವುದಾದರೆ, ಆ ಶಾಲೆಯಲ್ಲಿ ಯಾರು ಎಷ್ಟನೆಯ ಸ್ಥಾನದಲ್ಲಿದ್ದರೆಂಬ ಲೆಕ್ಕದಿಂದ ಈ ಜಗಳ ತೀರುವಂಥದಲ್ಲ. ಒಬ್ಬ ತರಬೇತುದಾರನ ಮುಂದೆ ಒಬ್ಬನೇ ಒಬ್ಬ ಕಪ್ಪು ಅಧಿಕಾರಿ ನಿಂತಿದ್ದು, ಅವನ ಬೆನ್ನಿಗೆ ರಾಜಧಾನಿಯ ಶಿಫಾರಸು ಇದೆಯೆಂದು ಉಳಿದವರೆಲ್ಲ ಬಲ್ಲವರಾಗಿದ್ದಾಗ, ಅವನ ಅಂಕಗಳನ್ನು ನಿರ್ಮಲವಾದ ಕಣ್ಣಿನಿಂದ ನೋಡುವವರು ಯಾರಿದ್ದರು?

ದಾವಣಗೆರೆಯ ವ್ಯಾಪಾರಿಯೊಬ್ಬರು: ಮಿಲಿಟರಿಯವರಿಗೆ ಪಿಂಚಣಿ ಬರುತ್ತದೆ, ಆದ್ದರಿಂದ ಧೈರ್ಯವಾಗಿ ಸ್ವಂತ ಉದ್ಯೋಗಕ್ಕೆ ಇಳಿಯುತ್ತಾರೆ. ಡ್ವೈಟ್ ಅವರದೂ ಹಾಗೆಯೇ ಅಲ್ಲವೇ?

ಉತ್ತರ: ಅಲ್ಲ, ಸ್ವಾಮಿ. ಅಮೆರಿಕದ ಸೇನೆಯಲ್ಲಿ ಸಾಮಾನ್ಯವಾಗಿ 20 ವರ್ಷ ಸೇವೆ ಪೂರೈಸಿದವರಿಗೆ ಮಾತ್ರ ನಿವೃತ್ತಿ ವೇತನದ ಹಕ್ಕು ಇತ್ತು. ಡ್ವೈಟ್ ಸೇವೆ 1953ರಿಂದ 1966ರ ತನಕ, ಎಂದರೆ 13 ವರ್ಷ. ನಮ್ಮಲ್ಲಿಯೂ ಅಧಿಕಾರಿಗಳಿಗೆ 20 ವರ್ಷ, ಅಧಿಕಾರಿ ದರ್ಜೆಗಿಂತ ಕೆಳಗಿನವರಿಗೆ 15 ವರ್ಷ ಎಂಬ ಮಿತಿಯಿದೆ. ಅದಕ್ಕಿಂತ ಮೊದಲು ಹೊರಬಂದವರ ಪಾಡು ಪಿಂಚಣಿದಾರರ ಪಾಡಿಗಿಂತ ಬೇರೆ. ಏಳು ವರ್ಷ ತಲೆತಗ್ಗಿಸಿ ಕಳೆದಿದ್ದರೆ ಸಾಯುವ ತನಕ ಸಂಬಳ ಬರುತ್ತಿತ್ತೆಂಬುದು 33ರ ವಯಸ್ಸಿನ ಆ ಸಂಸಾರಸ್ಥರಿಗೆ ತಿಳಿಯದ ವಿಷಯವೇನೂ ಆಗಿರಲಿಲ್ಲ.

ಹೊರಬಂದ ಕೂಡಲೇ ಅವರು ಶಿಲ್ಪಿಯಾಗಲಿಲ್ಲವೆಂಬುದನ್ನೂ ಗಮನಿಸಬೇಕು. ಈಚಿನ ಬರಹಗಳಲ್ಲಿ ಈ ಭಾಗವನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಮೊದಲು ಐಬಿಎಂ ಕಂಪನಿಯಲ್ಲಿ ಸಂಬಳದ ಕೆಲಸ ಹಿಡಿದರು. ವಿಮಾನಯಾನ ಸಲಹೆಗಾರರಾದರು. ಡೆನ್ವರ್‌ನಲ್ಲಿ ಕೆಂಡದ ಮೇಲೆ ಸುಟ್ಟ ಮಾಂಸಕ್ಕೆ ಹೆಸರಾದ ಬಾರ್ಬೆಕ್ಯೂ ಹೋಟೆಲು ನಡೆಸಿದರು. ಜಮೀನು, ಮನೆ ಕಟ್ಟಿಸಿ ಮಾರುವ ವ್ಯವಹಾರಕ್ಕೆ ಇಳಿದರು. ಸೂಪರ್‌ಸಾನಿಕ್ ವಿಮಾನ ನಡೆಸಿದವರು ಒಲೆಯ ಮುಂದೆ ನಿಲ್ಲುವುದು ನಮ್ಮ ಕಡೆಯ ಕೆಲವರಿಗೆ ಕೀಳಾಗಿ ಕಂಡೀತು. ಮಿಲಿಟರಿ ಹೋಟೆಲ್ ಎಂಬ ಹಲಗೆಯನ್ನು ಊರೂರಿನಲ್ಲಿ ತೂಗಹಾಕಿರುವ ಕರ್ನಾಟಕದವರಿಗಂತೂ ಹಾಗೆ ಕಾಣಬಾರದು.

ಈ ವರ್ಷಗಳಲ್ಲಿ ಅವರು ಕಲಿತದ್ದು ಗಿರಾಕಿಯನ್ನು ಎದುರಿಸುವುದು, ಕೂಲಿ ಲೆಕ್ಕ ಹಾಕುವುದು, ಕಟ್ಟಡದ ಕೆಲಸದಲ್ಲಿ ಅಂದಾಜು ಪಟ್ಟಿ ಬರೆದು ಆ ಪಟ್ಟಿಯೊಳಗೇ ಕೆಲಸ ಮುಗಿಸುವುದು. ಮುಂದೆ ದೊಡ್ಡ ಸ್ಮಾರಕಗಳ ಗುತ್ತಿಗೆ ಹಿಡಿದಾಗ ಬೇಕಾಗಿದ್ದ ಬಂಡವಾಳ ಇದೇ ಎಂದು ನನಗೆ ತೋರುತ್ತದೆ. ಕಟ್ಟಡದ ಕೆಲಸ ಮುಗಿದ ಕಡೆ ಉಳಿದ ಲೋಹದ ಚೂರುಗಳನ್ನು ಬೆಸುಗೆ ಹಾಕಿ ಏನಾದರೊಂದು ಆಕೃತಿ ಮಾಡುವ ಹವ್ಯಾಸವೂ ಆಗಲೇ ಕುದುರಿತು. ಹುಡುಗನಾಗಿದ್ದಾಗಿನಿಂದಲೂ ಅವರಿಗೆ ಚಿತ್ರ ಬಿಡಿಸುವ ಕೈಯಿತ್ತು. ಕಲಾಶಾಲೆಗೆ ಹೋಗುವ ಮನಸ್ಸಿದ್ದ ಮಗನನ್ನು ಎಂಜಿನಿಯರಿಂಗ್ ಕಡೆಗೆ ತಿರುಗಿಸಿದವರು ತಂದೆ. ಇಂಥ ತಂದೆಯರ ಬಗ್ಗೆ ನಮ್ಮ ಓದುಗರಿಗೆ ನಾನು ಹೆಚ್ಚೇನೂ ವಿವರಿಸಬೇಕಾಗಿಲ್ಲ.

ಬೆಳಗಾವಿಯ ಉದ್ಯಮಬಾಗದಿಂದ ಫೌಂಡ್ರಿ ಮಾಲೀಕರೊಬ್ಬರು: ನಾವು ಪಂಪು, ವಾಲ್ವುಗಳ ಬಿಡಿಭಾಗಗಳನ್ನು ಎರಕ ಹೊಯ್ಯುವವರು. ನಮಗೆ ಆರ್ಡರ್ ಸಾವಿರಗಟ್ಟಲೆಯಲ್ಲಿ ಬಂದರೆ ಮಾತ್ರ ಗಿಟ್ಟುತ್ತದೆ. ಒಂದು ಮೂರ್ತಿ, ಒಂದೇ ಅಚ್ಚು, ಒಬ್ಬನೇ ಗಿರಾಕಿ ಎಂಬ ವ್ಯಾಪಾರವನ್ನು ಇವರು ಐವತ್ತು ವರ್ಷ ಹೇಗೆ ನಡೆಸಿದರು?

ಉತ್ತರ: ಬಂದ ಪತ್ರಗಳಲ್ಲೆಲ್ಲ ನನಗೆ ಅತ್ಯಂತ ಹಿಡಿಸಿದ ಪತ್ರ ತಮ್ಮದು. ಕಸುಬಿನವರ ಪ್ರಶ್ನೆಗೆ ಕಸುಬಿನ ಮಾತಿನಲ್ಲಿಯೇ ಉತ್ತರ ಹೇಳಲು ಪ್ರಯತ್ನಿಸುತ್ತೇನೆ.

ಮೊದಲ ಆರ್ಡರ್ ಬಂದ ಬಗೆ ಹೀಗೆ. 1974ರಲ್ಲಿ ಜಾರ್ಜ್ ಬ್ರೌನ್ ಎಂಬವರು ಕೊಲೊರಾಡೊ ರಾಜ್ಯದ ಉಪರಾಜ್ಯಪಾಲರಾಗಿ ಚುನಾಯಿತರಾದರು. ಆ ಹುದ್ದೆಗೆ ಬಂದ ಮೊದಲ ಕಪ್ಪು ವ್ಯಕ್ತಿ ಅವರು. ಎರಡನೆಯ ಮಹಾಯುದ್ಧದ ಕಾಲದ ಪ್ರಸಿದ್ಧ ಕಪ್ಪು ವೈಮಾನಿಕರ ಟಸ್ಕೀಗಿ ದಳದಲ್ಲಿ ಅವರೂ ಇದ್ದರು. ಅವರ ಪ್ರತಿಮೆ ಮಾಡುವ ಕೆಲಸ ಡ್ವೈಟ್ ಪಾಲಿಗೆ ಬಂತು. ಅದರ ಬೆನ್ನಿಗೆ, ರಾಜ್ಯದ ಶತಮಾನೋತ್ಸವದ ಸಮಿತಿಯವರು ಪಶ್ಚಿಮ ಅಮೆರಿಕವನ್ನು ನೆಲೆಗೊಳಿಸುವುದರಲ್ಲಿ ಕಪ್ಪು ಜನರ ಪಾತ್ರವನ್ನು ತೋರಿಸುವ ಕಂಚಿನ ಶಿಲ್ಪಗಳ ಸರಣಿಯೊಂದನ್ನು ಒಪ್ಪಿಸಿದರು. ಕಪ್ಪು ಜನರ ಇತಿಹಾಸ ತಮಗೇ ಆಗ ಅಷ್ಟಾಗಿ ತಿಳಿದಿರಲಿಲ್ಲವೆಂದೂ, ಪುಸ್ತಕ ಓದಿ ಕಲಿತೆನೆಂದೂ ಡ್ವೈಟ್ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಬೇರೆಯವರಾಗಿದ್ದರೆ ಸಿಕ್ಕ ಆರ್ಡರನ್ನು ಹೊರಗಿನ ಫೌಂಡ್ರಿಗೆ ಕೊಟ್ಟು ಎರಕ ಹೊಯ್ಯಿಸಿ ಕೈತೊಳೆದುಕೊಳ್ಳುತ್ತಿದ್ದರು. ಡ್ವೈಟ್ ನಲವತ್ತು ದಾಟಿದ ಮೇಲೆ ಡೆನ್ವರ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿ ಸೇರಿ, ಅಲ್ಲಿನ ಎರಕದ ಕುಲುಮೆಯನ್ನು ಸ್ವತಃ ನಡೆಸಲು ಕಲಿತು, 1977ರಲ್ಲಿ ಶಿಲ್ಪಕಲೆಯ ಸ್ನಾತಕೋತ್ತರ ಪದವಿ ಪಡೆದರು. ಮುಂದೆ ತಮ್ಮದೇ ಸ್ಟುಡಿಯೊ ಕಟ್ಟಿದರು. ಶಿಲ್ಪಶಾಲೆ, ಫೌಂಡ್ರಿ, ಪ್ರದರ್ಶನದ ಕೋಣೆ, ಪುಸ್ತಕಾಲಯ ಎಲ್ಲ ಒಂದೇ ಕಡೆ ಇದ್ದ ಆ ಜಾಗದ ವಿಸ್ತಾರ ಸುಮಾರು 25,000 ಚದರ ಅಡಿ.

ತಮ್ಮ ಪ್ರಶ್ನೆಯ ಕೀಲು ಇರುವುದು ಇಲ್ಲಿಯೇ. ಸಾರ್ವಜನಿಕ ಸ್ಮಾರಕದ ವ್ಯಾಪಾರದಲ್ಲಿ ಗಿರಾಕಿ ಎಂದರೆ ನಗರಸಭೆ, ರಾಜ್ಯ ಸರ್ಕಾರ ಅಥವಾ ಚಂದಾ ಎತ್ತಿ ಹಣ ಕೂಡಿಸಿದ ನಾಗರಿಕ ಸಮಿತಿ. ಅವರು ಮೊದಲು ಹಲವು ಶಿಲ್ಪಿಗಳಿಂದ ವಿನ್ಯಾಸ ತರಿಸುತ್ತಾರೆ, ಪುಟ್ಟ ಮಾದರಿ ನೋಡುತ್ತಾರೆ, ಒಬ್ಬರನ್ನು ಆಯ್ದು ಒಟ್ಟು ಮೊತ್ತವನ್ನು ಗೊತ್ತುಪಡಿಸುತ್ತಾರೆ, ಆಮೇಲೆ ಮಣ್ಣಿನ ಮಾದರಿಗೆ ಇಷ್ಟು, ಎರಕಕ್ಕೆ ಇಷ್ಟು, ನಿಲ್ಲಿಸಿದ ಮೇಲೆ ಇಷ್ಟು ಎಂದು ಹಂತ ಹಂತವಾಗಿ ಕೊಡುತ್ತಾರೆ. ಮೊತ್ತ ಮೊದಲೇ ನಿಗದಿಯಾಗಿರುವುದರಿಂದ, ನಡುವೆ ತಾಮ್ರದ ಬೆಲೆ ಏರಿದರೂ ಒಂದು ಎರಕ ಕೆಟ್ಟರೂ ನಷ್ಟ ಶಿಲ್ಪಿಯ ತಲೆಗೆ. ಹೊರಗಿನ ಫೌಂಡ್ರಿಗೆ ಕೊಡುವ ಶಿಲ್ಪಿಗೆ ಬಿಲ್ಲಿನ ದೊಡ್ಡ ಪಾಲು ಅಲ್ಲಿಯೇ ಹೋಗುತ್ತದೆ. ಕುಲುಮೆ ತನ್ನದೇ ಆಗಿರುವವನಿಗೆ ಆ ಪಾಲು ಉಳಿಯುತ್ತದೆ, ಆರ್ಡರ್ ಇಲ್ಲದ ತಿಂಗಳಿನಲ್ಲಿ ಕೆಲಸಗಾರರ ಕೈಗೆ ಸಣ್ಣ ಮೂರ್ತಿಗಳ ಕೆಲಸ ಕೊಡಲೂ ಆಗುತ್ತದೆ. ಜಾಜ್ ಸಂಗೀತಗಾರರ ಕಂಚಿನ ಮೂರ್ತಿಗಳ ಸರಣಿಯೊಂದನ್ನು ಡ್ವೈಟ್ ಮಾಡಿದ್ದಾರೆ. 70ಕ್ಕೂ ಹೆಚ್ಚು ಮೂರ್ತಿಗಳಿರುವ ಆ ಸರಣಿಯಂಥವು ಮನೆಯೊಳಗೆ ಇಟ್ಟುಕೊಳ್ಳುವವರಿಗೂ ಮಾರಾಟವಾಗಬಲ್ಲವು, ಒಂದೇ ಅಚ್ಚಿನಿಂದ ಎಣಿಸಿದಷ್ಟು ಪ್ರತಿಗಳನ್ನು ತೆಗೆಯುವ ಪದ್ಧತಿಯೂ ಈ ಕಸುಬಿನಲ್ಲಿ ಇದೆ. ಸಾವಿರಗಟ್ಟಲೆ ಅಲ್ಲದಿದ್ದರೂ ತಮ್ಮ ಲೆಕ್ಕಾಚಾರಕ್ಕೆ ಅಷ್ಟರಮಟ್ಟಿಗೆ ಹತ್ತಿರದ್ದು.

ಇನ್ನೊಂದು ಸಂಗತಿಯೂ ಇದೆ. ಎಪ್ಪತ್ತರ ದಶಕದ ಅಮೆರಿಕದ ಚೌಕಗಳಲ್ಲಿ ಸೇನಾಪತಿಗಳ ಕುದುರೆಗಳಿಗೂ ಪ್ರತಿಮೆ ಇತ್ತು, ಕಪ್ಪು ಜನರಿಗೆ ತೀರ ವಿರಳವಾಗಿ ಇತ್ತು. ನಾಗರಿಕ ಹಕ್ಕುಗಳ ಚಳವಳಿಯ ತರುವಾಯ ಊರೂರಿನಲ್ಲಿ ಅಂಥ ಸ್ಮಾರಕಗಳ ಬೇಡಿಕೆ ಏಳುವ ಹೊತ್ತಿಗೆ, ಆ ಇತಿಹಾಸವನ್ನು ಓದಿಕೊಂಡು, ತನ್ನದೇ ಕುಲುಮೆ ಇಟ್ಟುಕೊಂಡು, ಕಟ್ಟಡದ ಗುತ್ತಿಗೆಯ ಒಳಹೊರಗು ಬಲ್ಲವರೊಬ್ಬರು ಸಿದ್ಧವಾಗಿ ಕುಳಿತಿದ್ದರು. ಅವರ ಕೈಯಿಂದ ಹೊರಬಂದ ಸಾರ್ವಜನಿಕ ಶಿಲ್ಪಗಳ, ಸ್ಮಾರಕಗಳ ಸಂಖ್ಯೆ 100 ದಾಟಿದೆ. ದಕ್ಷಿಣ ಕ್ಯಾರೊಲಿನಾದ ರಾಜಧಾನಿ ಕೊಲಂಬಿಯಾದಲ್ಲಿ, ಶಾಸನಸಭೆಯ ಅಂಗಳದಲ್ಲಿ 2001ರಲ್ಲಿ ಅನಾವರಣಗೊಂಡ ಸ್ಮಾರಕದಲ್ಲಿ 12 ಉಬ್ಬುಶಿಲ್ಪದ ಫಲಕಗಳಿದ್ದು, ಗುಲಾಮರನ್ನು ಹಡಗಿನಲ್ಲಿ ತುಂಬಿ ತಂದಲ್ಲಿಂದ ಹಿಡಿದು ಇಪ್ಪತ್ತನೆಯ ಶತಮಾನದ ತನಕದ ಕಥೆ ಅವುಗಳಲ್ಲಿದೆ. ಟೆಕ್ಸಸ್ ರಾಜ್ಯದ ಆಸ್ಟಿನ್‌ನಲ್ಲಿ 2016ರಲ್ಲಿ ಅಂಥದೇ ಇನ್ನೊಂದು ಸ್ಮಾರಕ ಎದ್ದಿತು. ಅಷ್ಟು ಹೊತ್ತಿಗೆ ಅವರಿಗೆ 83 ವರ್ಷ.

ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಿಂದ ಶಿಲ್ಪಿಯೊಬ್ಬರು: ನಮ್ಮಲ್ಲಿ ಕಲ್ಲಿನ ಕೆಲಸದ ಜೊತೆಗೆ ಲೋಹದ ಮೂರ್ತಿಗಳನ್ನೂ ಮಾಡುತ್ತೇವೆ. ಅವರ ಎರಕಕ್ಕೂ ನಮ್ಮ ಮೇಣದ ಎರಕಕ್ಕೂ ವ್ಯತ್ಯಾಸವೇನು?

ಉತ್ತರ: ಮೂಲದ ಉಪಾಯ ಒಂದೇ. ಮೇಣದ ಆಕೃತಿ ಮಾಡಿ, ಅದರ ಸುತ್ತ ಕವಚ ಕಟ್ಟಿ, ಬಿಸಿ ಮಾಡಿ ಮೇಣವನ್ನು ಹೊರಗೆ ಹರಿಸಿ, ಆ ಖಾಲಿ ಜಾಗಕ್ಕೆ ಕರಗಿದ ಲೋಹ ಹೊಯ್ಯುವುದು. ಕಲ್ಯಾಣದ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ, 12ನೆಯ ಶತಮಾನದ ಮಾನಸೋಲ್ಲಾಸದಲ್ಲಿ ಈ ಕ್ರಮದ ವಿವರಣೆ ಇರುವುದು ತಮಗೆ ತಿಳಿದೇ ಇದೆ.

ವ್ಯತ್ಯಾಸಗಳಿರುವುದು ಗಾತ್ರದಲ್ಲಿ, ಸಾಮಗ್ರಿಯಲ್ಲಿ. ದೇವರ ಮೂರ್ತಿಯನ್ನು ಗಟ್ಟಿಯಾಗಿ, ಒಳಗೆ ಪೊಳ್ಳಿಲ್ಲದಂತೆ ಎರಕ ಹೊಯ್ಯುವ ಪದ್ಧತಿ ನಮ್ಮಲ್ಲಿ ಪ್ರಚಲಿತ. ಒಂದು ಮೂರ್ತಿಯ ಕವಚವನ್ನು ಒಡೆದರೆ ಅದು ಮತ್ತೆ ಬರುವುದಿಲ್ಲ. ಹತ್ತು ಹನ್ನೆರಡು ಅಡಿ ಎತ್ತರದ ಸ್ಮಾರಕವನ್ನು ಗಟ್ಟಿಯಾಗಿ ಹೊಯ್ದರೆ ಲೋಹದ ಖರ್ಚಿಗೆ ಊರು ಮಾರಬೇಕಾದೀತು. ಆದ್ದರಿಂದ ಪಾಶ್ಚಾತ್ಯ ಫೌಂಡ್ರಿಗಳಲ್ಲಿ ಮೊದಲು ಜೇಡಿಯಲ್ಲಿ ಪೂರ್ಣಗಾತ್ರದ ಮಾದರಿ ಮಾಡಿ, ಅದರಿಂದ ರಬ್ಬರಿನ ಅಚ್ಚು ತೆಗೆದು, ಅಚ್ಚಿನ ಒಳಗೆ ಅರ್ಧ ಸೆಂಟಿಮೀಟರಿನಷ್ಟು ದಪ್ಪ ಮಾತ್ರ ಮೇಣ ಹಿಡಿಸುತ್ತಾರೆ. ಮೇಣದ ಆ ತೊಗಟೆಯನ್ನು ಸಿಲಿಕಾ ದ್ರವದಲ್ಲಿ ಮತ್ತೆ ಮತ್ತೆ ಅದ್ದಿ ಒಣಗಿಸಿದರೆ ಸೆರಾಮಿಕ್ ಕವಚವಾಗುತ್ತದೆ. ತಲೆ, ತೋಳು, ಮುಂಡ, ಅಂಗಿಯ ನೆರಿಗೆ ಹೀಗೆ ತುಂಡು ತುಂಡಾಗಿ ಎರಕ ಹೊಯ್ದು, ಆಮೇಲೆ ಬೆಸುಗೆ ಹಾಕಿ, ಬೆಸುಗೆಯ ಗೆರೆ ಕಾಣದಂತೆ ಉಜ್ಜಿ, ರಾಸಾಯನಿಕ ಬಳಿದು ಗ್ಯಾಸಿನ ಉರಿಯಲ್ಲಿ ಕಾಯಿಸಿ ಬಣ್ಣ ಬರಿಸುತ್ತಾರೆ. ಅಮೆರಿಕದ ಶಿಲ್ಪ ಫೌಂಡ್ರಿಗಳಲ್ಲಿ ತವರ ಬೆರೆಸಿದ ಹಳೆಯ ಕಂಚಿಗಿಂತ, ತಾಮ್ರಕ್ಕೆ ಶೇಕಡಾ ನಾಲ್ಕರಷ್ಟು ಸಿಲಿಕಾನ್ ಸೇರಿಸಿದ ಮಿಶ್ರಲೋಹವೇ ಹೆಚ್ಚು ಬಳಕೆಯಲ್ಲಿದೆ. ಅದು ಬೆಸುಗೆಗೆ ಚೆನ್ನಾಗಿ ಒಗ್ಗುತ್ತದೆ.

ಡ್ವೈಟ್ ಶೈಲಿಯ ಬಗ್ಗೆ ಕಲಾವಿಮರ್ಶಕರು ಎತ್ತಿ ಹೇಳುವ ಗುಣವೊಂದಿದೆ: ಲೋಹ ಇಲ್ಲದ ಜಾಗವನ್ನು ಬಳಸಿಕೊಳ್ಳುವ ಕ್ರಮ. ಮೈಯ ಒಂದು ಭಾಗವನ್ನು ಬಿಟ್ಟುಬಿಟ್ಟು, ಬಟ್ಟೆಯ ಅಂಚೋ ವಾದ್ಯ ಹಿಡಿದ ಕೈಯೋ ಮಾತ್ರ ಉಳಿಸಿ, ಉಳಿದದ್ದನ್ನು ನೋಡುವವನ ಕಣ್ಣೇ ತುಂಬಿಕೊಳ್ಳುವಂತೆ ಮಾಡುವುದು. ತೆಳು ತೊಗಟೆಯ ಎರಕಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ. ಭಾರ ಎಲ್ಲಿ ಬೀಳುತ್ತದೆ, ಯಾವ ಬೆಸುಗೆ ಎಷ್ಟು ತಡೆಯುತ್ತದೆ ಎಂದು ಲೆಕ್ಕ ಹಾಕಬಲ್ಲ ಎಂಜಿನಿಯರನ ತಲೆ ಇದರ ಹಿಂದೆ ಕೆಲಸ ಮಾಡಿದೆಯೆಂದು ನಾನು ಊಹಿಸುತ್ತೇನೆ. ಮಗನನ್ನು ಬಲವಂತವಾಗಿ ಎಂಜಿನಿಯರ್ ಮಾಡಿದ ತಂದೆಯ ಹಠ ಹೀಗೊಂದು ಸುತ್ತು ಬಳಸಿ ಕಲೆಗೇ ದಕ್ಕಿತೆನ್ನಬೇಕು.

ಹಾಸನದ ಓದುಗರೊಬ್ಬರು: ನಮ್ಮ ಜಿಲ್ಲೆಯ ಕ್ಯಾಪ್ಟನ್ ಗೋಪಿನಾಥ್ ಅವರೂ ಮಿಲಿಟರಿ ಪೈಲಟ್ ಆಗಿದ್ದು ಉದ್ಯಮಿಯಾದವರಲ್ಲವೇ? ಅವರನ್ನು ಏಕೆ ಹೆಸರಿಸಲಿಲ್ಲ?

ಉತ್ತರ: ಈ ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಗೊರೂರಿನಲ್ಲಿ ಬೆಳೆದ ಜಿ.ಆರ್. ಗೋಪಿನಾಥ್ ಅವರು ಭೂಸೇನೆಯ ಅಧಿಕಾರಿಯಾಗಿದ್ದವರು, 1971ರ ಯುದ್ಧವನ್ನು ಕಂಡವರು. ಆದರೆ ಸೇನೆಯಲ್ಲಿ ಪೈಲಟ್ ಆಗಿರಲಿಲ್ಲ. ಹೆಸರಿನ ಹಿಂದಿನ ಕ್ಯಾಪ್ಟನ್ ಎಂಬುದು ಸೇನೆಯ ದರ್ಜೆ, ವಿಮಾನದ್ದಲ್ಲ. ಸೇನೆ ಬಿಟ್ಟು ಬಂದು ಹೇಮಾವತಿ ಅಣೆಕಟ್ಟಿನಲ್ಲಿ ಮುಳುಗಿದ ಜಮೀನಿಗೆ ಬದಲಾಗಿ ಸಿಕ್ಕ ಬಂಜರಿನಲ್ಲಿ ಬೇಸಾಯ ಮಾಡಿದರು, ರೇಷ್ಮೆ ಬೆಳೆದರು. ಹೆಲಿಕಾಪ್ಟರ್ ಬಾಡಿಗೆಗೆ ಕೊಡುವ ಡೆಕ್ಕನ್ ಏವಿಯೇಷನ್ ಆರಂಭಿಸಿದಾಗ ಅವರ ಜೊತೆಯಾದ ಕ್ಯಾಪ್ಟನ್ ಕೆ.ಜೆ. ಸ್ಯಾಮ್ಯುಯೆಲ್ ಅವರು ಸೇನೆಯಲ್ಲಿ ಹೆಲಿಕಾಪ್ಟರ್ ನಡೆಸಿದವರು. ತಾವು ಹುಡುಕುತ್ತಿರುವ ಮಿಲಿಟರಿ ಪೈಲಟ್ ಆ ಕಥೆಯಲ್ಲಿ ಇದ್ದಾರೆ, ಮುಖಪುಟದಲ್ಲಿ ಇಲ್ಲ ಅಷ್ಟೇ. 2003ರಲ್ಲಿ ಏರ್ ಡೆಕ್ಕನ್ ಹುಟ್ಟಿದ ಮೇಲೆ ಅದು ಸಣ್ಣ ವ್ಯಾಪಾರದ ಮಾತಾಗಿ ಉಳಿಯಲಿಲ್ಲ.

ಬೆಂಗಳೂರಿನ ಜಾಲಹಳ್ಳಿಯಿಂದ ವಾಯುಪಡೆಯ ನಿವೃತ್ತ ಸಾರ್ಜೆಂಟ್ ಒಬ್ಬರು: ನಾನು ವಿಮಾನ ನಡೆಸಿದವನಲ್ಲ, ವಿಮಾನವನ್ನು ಹಾರಲು ಸಿದ್ಧಪಡಿಸುತ್ತಿದ್ದವನು. ಈಗ ಸಣ್ಣ ವರ್ಕ್‌ಶಾಪ್ ಇಡುವ ಯೋಚನೆಯಿದೆ. ಮಿಲಿಟರಿಯ ಶಿಸ್ತು ವ್ಯಾಪಾರಕ್ಕೆ ಒಳ್ಳೆಯ ಅಡಿಪಾಯವೆಂದು ಎಲ್ಲರೂ ಹೇಳುತ್ತಾರೆ. ತಮ್ಮ ಅಭಿಪ್ರಾಯವೇನು?

ಉತ್ತರ: ಶಿಸ್ತಿನ ಮಾತು ಬೀಳ್ಕೊಡುಗೆ ಸಮಾರಂಭದಲ್ಲಿ ಆಡಲು ಚೆನ್ನಾಗಿರುತ್ತದೆ. ವೈಮಾನಿಕ ವೃತ್ತಿಯಿಂದ ನಿಜವಾಗಿ ಉಪಯೋಗಕ್ಕೆ ಬರುವುದು ಅದಕ್ಕಿಂತ ಸಣ್ಣದಾದ ಎರಡು ಅಭ್ಯಾಸಗಳು ಎಂದು ನನ್ನ ಎಣಿಕೆ. ಒಂದು, ನೂರನೆಯ ಸಲ ಮಾಡುವ ಕೆಲಸವನ್ನೂ ಪಟ್ಟಿ ನೋಡಿಕೊಂಡೇ ಮಾಡುವುದು, ನೆನಪನ್ನು ನಂಬದಿರುವುದು. ಇನ್ನೊಂದು, ಪ್ರತಿ ಹಾರಾಟ ಮುಗಿದ ಮೇಲೆ ಕುಳಿತು, ಎಲ್ಲಿ ತಪ್ಪಿದೆವು ಎಂದು ದರ್ಜೆಯ ಹಂಗಿಲ್ಲದೆ ಮಾತನಾಡುವುದು. ಕುಲುಮೆಯ ಮುಂದೆ ಸಾವಿರ ಡಿಗ್ರಿ ದಾಟಿದ ಲೋಹವನ್ನು ಎತ್ತುವ ಹೊತ್ತಿಗೆ ಮೊದಲನೆಯದು ಪ್ರಾಣ ಉಳಿಸುತ್ತದೆ. ಕೆಟ್ಟ ಎರಕವನ್ನು ಮುಂದಿಟ್ಟುಕೊಂಡು ಕುಳಿತಾಗ ಎರಡನೆಯದು ದುಡ್ಡು ಉಳಿಸುತ್ತದೆ. ಇವೆರಡೂ ಪೈಲಟ್‌ಗಿಂತ ತಮ್ಮಂಥ ತಂತ್ರಜ್ಞರ ಮೈಯಲ್ಲಿ ಹೆಚ್ಚು ಊರಿರುತ್ತವೆ.

ಅಡ್ಡಿಯಾಗುವ ಅಭ್ಯಾಸಗಳೂ ಇವೆ. ಸೇವೆಯಲ್ಲಿದ್ದಾಗ ಬಿಡಿಭಾಗ ಬೇಕೆಂದು ಬರೆದುಕೊಟ್ಟರೆ ಉಗ್ರಾಣದಿಂದ ಬರುತ್ತಿತ್ತು, ಅದರ ಬೆಲೆ ತಮ್ಮ ತಲೆನೋವಾಗಿರಲಿಲ್ಲ. ಹೇಳಿದ ದಿನಕ್ಕೆ ಹಣ ಕೊಡದ ಗಿರಾಕಿಯನ್ನು ಗೌರವದಿಂದಲೇ ಮತ್ತೆ ಮತ್ತೆ ಕೇಳುವ ಕಲೆಯನ್ನು ಯಾವ ವಾಯುನೆಲೆಯಲ್ಲಿಯೂ ಕಲಿಸುವುದಿಲ್ಲ. ಡ್ವೈಟ್ ಅವರು ಹೊರಬಂದ ಮೇಲೆ ಎಂಟು ವರ್ಷ ಬೇರೆ ಬೇರೆ ಕಡೆ ಸಂಬಳಕ್ಕೆ, ಲಾಭಕ್ಕೆ ದುಡಿದು ಆಮೇಲೆ ಎರಕಕ್ಕೆ ಬಂದದ್ದನ್ನು ತಾವು ವ್ಯರ್ಥಕಾಲವೆಂದು ತಿಳಿಯಬಾರದು. ಉಳಿತಾಯವನ್ನೆಲ್ಲ ಮೊದಲ ದಿನವೇ ಯಂತ್ರಗಳ ಮೇಲೆ ಸುರಿಯುವ ಬದಲು, ನಡೆಯುತ್ತಿರುವ ವರ್ಕ್‌ಶಾಪ್ ಒಂದರಲ್ಲಿ ಒಂದು ವರ್ಷ ಲೆಕ್ಕದ ಪುಸ್ತಕದ ಹತ್ತಿರ ಕುಳಿತು ನೋಡುವುದು ಒಳಿತು. ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯದ ತರಬೇತಿಗಳ, ಯೋಜನೆಗಳ ಬಗ್ಗೆ ನಮ್ಮ ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯಲ್ಲಿ ವಿಚಾರಿಸಿದರೆ, ತಮಗೆ ಈಗಲೂ ಅನ್ವಯಿಸುವುದು ಯಾವುದೆಂದು ಹೇಳುತ್ತಾರೆ.

ಕಲಬುರಗಿಯ ವಿದ್ಯಾರ್ಥಿನಿಯೊಬ್ಬರು: ಅವರ ಜೊತೆ ಭಾರತೀಯರೊಬ್ಬರು ಇದ್ದರೆಂಬುದು ನಿಜವೇ? ಆ ಪ್ರಯಾಣದ ಖರ್ಚನ್ನು ಅವರೇ ಕೊಟ್ಟರೇ?

ಉತ್ತರ: ನಿಜ. 2024ರ ಮೇ 19ರಂದು ಬ್ಲೂ ಒರಿಜಿನ್ ಕಂಪನಿಯ ನ್ಯೂ ಶೆಪರ್ಡ್ ನೌಕೆಯಲ್ಲಿ ಹೋದ ಆರು ಜನರಲ್ಲಿ ವಿಜಯವಾಡ ಮೂಲದ ಪೈಲಟ್ ಗೋಪಿ ತೋಟಕೂರ ಅವರೂ ಒಬ್ಬರು. ಡ್ವೈಟ್ ಅವರ ಆಸನದ ಖರ್ಚನ್ನು ಸ್ಪೇಸ್ ಫಾರ್ ಹ್ಯುಮ್ಯಾನಿಟಿ ಎಂಬ ಸಂಸ್ಥೆಯೂ ಒಂದು ದತ್ತಿನಿಧಿಯೂ ಸೇರಿ ಭರಿಸಿದವು. ಬಾಹ್ಯಾಕಾಶಕ್ಕೆ ಹೋದ ಅತ್ಯಂತ ಹಿರಿಯರೆಂಬ ದಾಖಲೆ, ನಟ ವಿಲಿಯಂ ಶ್ಯಾಟ್ನರ್ ಅವರಿಂದ ಸುಮಾರು ಎರಡು ತಿಂಗಳ ಅಂತರದಲ್ಲಿ ಇವರ ಕೈಗೆ ಬಂತು. ಇಳಿಯುವಾಗ ಮೂರು ಪ್ಯಾರಾಚೂಟ್‌ಗಳಲ್ಲಿ ಒಂದು ಪೂರ್ತಿ ಬಿಚ್ಚಿಕೊಳ್ಳಲಿಲ್ಲ, ಯಾರಿಗೂ ಪೆಟ್ಟಾಗಲಿಲ್ಲ. ಇದೆಲ್ಲ ತನಗೆ ಬೇಕಾಗಿಲ್ಲವೆಂದು ತಿಳಿದಿದ್ದೆ, ಹೋಗಿ ಬಂದ ಮೇಲೆ ಬೇಕಾಗಿತ್ತೆಂದು ಅನಿಸಿತು ಎಂಬರ್ಥದ ಮಾತನ್ನು ಅವರು ನೆಲಕ್ಕಿಳಿದ ಮೇಲೆ ಆಡಿದರು.

ಉಡುಪಿಯ ಗೃಹಿಣಿಯೊಬ್ಬರು: ಮಗಳು ಅಳಿಯ ಮಿಶಿಗನ್ ರಾಜ್ಯದಲ್ಲಿದ್ದಾರೆ. ಬರುವ ಬೇಸಿಗೆಯಲ್ಲಿ ನಾವು ಹೋಗುವವರಿದ್ದೇವೆ. ಇವರ ಶಿಲ್ಪಗಳಲ್ಲಿ ಯಾವುದನ್ನಾದರೂ ಅಲ್ಲಿ ನೋಡಬಹುದೇ?

ಉತ್ತರ: ಅವಶ್ಯವಾಗಿ ನೋಡಬಹುದು, ಅಮ್ಮ. ಅಳಿಯಂದಿರಿಗೆ ರಜೆ ಸಿಕ್ಕಿ ಡೆನ್ವರ್ ತನಕ ಹೋಗುವುದಾದರೆ, ಅಲ್ಲಿನ ಸಿಟಿ ಪಾರ್ಕಿನಲ್ಲಿ 2002ರಲ್ಲಿ ನಿಂತ ಮಾರ್ಟಿನ್ ಲೂಥರ್ ಕಿಂಗ್ ಸ್ಮಾರಕವನ್ನು ನೋಡಿ ಬನ್ನಿ. ಕಿಂಗ್ ಅವರ ಪ್ರತಿಮೆಯ ಕೆಳಗಿನ ಪೀಠದಲ್ಲಿ ಅವರಿಗಿಂತ ಹಿಂದಿನ ಹೋರಾಟಗಾರರ ನಡುವೆ ನಮ್ಮ ಗಾಂಧಿಯವರೂ ಇದ್ದಾರೆ. 2024ರ ಫೆಬ್ರುವರಿಯಲ್ಲಿ ಕಳ್ಳರು ಅದರ ಕೆಲವು ಕಂಚಿನ ಭಾಗಗಳನ್ನು ಕಿತ್ತೊಯ್ದಿದ್ದರು, ಪುಣ್ಯಕ್ಕೆ ಮತ್ತೆ ಸಿಕ್ಕವು.

ಮಿಶಿಗನ್ನಿನಲ್ಲಿಯೇ ಎಂದರೆ ಎರಡು ಕಡೆ ಇವೆ. ಬ್ಯಾಟಲ್ ಕ್ರೀಕ್ ಊರಿನಲ್ಲಿ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಉತ್ತರಕ್ಕೆ ಓಡಿಬರುತ್ತಿದ್ದವರಿಗೆ ಮನೆಬಾಗಿಲು ತೆರೆದ ಹಸ್ಸಿ ದಂಪತಿಗಳನ್ನೂ ಒಳಗೊಂಡ 1993ರ ದೊಡ್ಡ ಗುಂಪುಶಿಲ್ಪವಿದೆ. ಡೆಟ್ರಾಯಿಟ್‌ನಲ್ಲಿ ನದಿಯ ದಡದ ಹಾರ್ಟ್ ಪ್ಲಾಜಾ ಎಂಬ ಬಯಲಿನಲ್ಲಿ 2001ರ ಅಕ್ಟೋಬರ್‌ನಲ್ಲಿ ನಿಲ್ಲಿಸಿದ ಶಿಲ್ಪವಿದೆ. ಹಾಗೆ ಓಡಿಬಂದ ಒಂದು ಗುಂಪು ನದಿಯ ಈಚೆಗೆ ನಿಂತಿದ್ದು, ಒಬ್ಬ ಆಚೆ ದಡದತ್ತ ಕೈ ತೋರಿಸುತ್ತಿದ್ದಾನೆ. ಆಚೆ ದಡ ಎಂದರೆ ಕೆನಡಾ, ದಾಟಿದರೆ ಬಿಡುಗಡೆ. ಕೆನಡಾ ಉತ್ತರಕ್ಕಿದೆ ಎಂದು ತಿಳಿದು ಹೋದವರಿಗೆ ಅಲ್ಲಿ ದಿಕ್ಕು ತಪ್ಪಿದಂತಾಗುತ್ತದೆ, ಏಕೆಂದರೆ ಆ ಒಂದು ತಾವಿನಲ್ಲಿ ಕೆನಡಾ ಇರುವುದು ಡೆಟ್ರಾಯಿಟ್‌ನ ದಕ್ಷಿಣಕ್ಕೆ. ಇದರ ಜೋಡಿಶಿಲ್ಪ ಎದುರಿನ ವಿಂಡ್ಸರ್ ನಗರದಲ್ಲಿದೆ. ಅಲ್ಲೊಂದು ಗೋಪುರವಿದ್ದು, ಅದರ ಮುಂದೆ ದಾಟಿ ಬಂದವನೊಬ್ಬ ಎರಡೂ ತೋಳೆತ್ತಿ ನಿಂತಿದ್ದಾನೆ. ಗೋಪುರದ ಹಿಂಬದಿಯಲ್ಲಿ ಪುಟ್ಟ ಹುಡುಗಿಯೊಬ್ಬಳು ಬಿಟ್ಟುಬಂದ ದಡದ ಕಡೆಗೆ ತಿರುಗಿ ನೋಡುತ್ತಿದ್ದಾಳೆ. ಅದನ್ನೂ ನೋಡಬೇಕೆಂದಿದ್ದರೆ, ಅಮೆರಿಕದ ಪ್ರವಾಸಿ ವೀಸಾ ಒಂದರ ಮೇಲೆ ನದಿ ದಾಟಲು ಬರುವುದಿಲ್ಲ; ಕೆನಡಾದ ವೀಸಾವನ್ನು ಊರಿನಿಂದ ಹೊರಡುವ ಮೊದಲೇ ಮಾಡಿಸಿಕೊಳ್ಳಿ.